ಫೋನ್ ಹಳತಾಗಿದೆಯೋ, ಕೆಟ್ಟಿದೆಯೋ? ಹೊಸದಕ್ಕೆ ದುಡ್ಡು ಹೊಂದಿಸುವ ಮೊದಲು ಮಾಡುವ ತಪಾಸಣೆ

ಕಳೆದ ಮಳೆಗಾಲದಲ್ಲಿ ಶರಾವತಿ ಹಿನ್ನೀರಿನಾಚೆಯ ಊರಿನ ಅಂಗನವಾಡಿ ಅಕ್ಕೋರೊಬ್ಬರು ಸಾಗರ ಪೇಟೆಯ ನಮ್ಮ ಫೋನ್ ರಿಪೇರಿ ಅಂಗಡಿಗೆ ಬಂದು ಫೋನನ್ನು ಮೇಜಿನ ಮೇಲಿಟ್ಟರು. 2020ರಲ್ಲಿ ಕೊಂಡದ್ದು, 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್.

"ತಮ್ಮಾ, ಇದರ ಕಥೆ ಮುಗೀತು. ಹತ್ತು ಸಾವಿರದೊಳಗೆ ಯಾವುದು ಬರತ್ತೆ ಹೇಳು. ಕಂತಾದರೂ ಅಡ್ಡಿಯಿಲ್ಲ."

"ಏನಾಗ್ತಿದೆ ಅಕ್ಕೋರೆ?"

"ಏನು ಆಗ್ತಿಲ್ಲ ಕೇಳು. ಹ್ಯಾಂಗ್ ಆಗತ್ತೆ. ಚಾರ್ಜ್ ನಿಲ್ಲೋದಿಲ್ಲ. ಪೋಷಣ್ ಟ್ರ್ಯಾಕರ್‌ನಲ್ಲಿ ತಾಯಂದಿರ ಮುಖ ಹಿಡಿಯೋಕೆ ಹೋದರೆ ಆ್ಯಪೇ ಮುಚ್ಚಿಕೊಳ್ಳತ್ತೆ."

ಪೋಷಣ್ ಟ್ರ್ಯಾಕರ್ ಎಂದರೆ ಅಂಗನವಾಡಿಯ ಕೆಲಸ ದಾಖಲಿಸುವ ಸರ್ಕಾರಿ ಆ್ಯಪ್. ಅವರಿಗೆ ಹತ್ತು ಸಾವಿರ ಎಂದರೆ ಹೆಚ್ಚುಕಡಿಮೆ ಒಂದು ತಿಂಗಳ ಗೌರವಧನ. ಅಷ್ಟು ದುಡ್ಡು ಕೈಬಿಡುವ ಮೊದಲು ಒಂದೆರಡು ರಾತ್ರಿಯ ತಪಾಸಣೆಗೆ ಸಮಯ ಕೊಡಿ ಎಂದೆ. ರಿಪೇರಿ ಮೇಜಿನ ಹಿಂದೆ ಹನ್ನೆರಡು ವರ್ಷ ಕೂತವನಿಗೆ ಒಂದು ಮಾತು ಖಾತ್ರಿಯಾಗಿದೆ: "ಹಳತಾಯ್ತು" ಎಂದು ಬರುವ ಫೋನುಗಳಲ್ಲಿ ಬಹಳಷ್ಟಕ್ಕೆ ವಯಸ್ಸಾಗಿಲ್ಲ, ಒಂದೋ ಎರಡೋ ಕಡೆ ಕೆಟ್ಟಿರುತ್ತದೆ. ಯಾವ ಕಡೆ ಎಂದು ಪತ್ತೆ ಮಾಡಲು ಉಪಕರಣ ಬೇಕಾಗಿಲ್ಲ, ಮನೆಯಲ್ಲೇ ಮಾಡಬಹುದು. ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಬಿಟ್ಟಿ ಪರೀಕ್ಷೆ ಮೊದಲು, ನೂರರ ಖರ್ಚು ಆಮೇಲೆ, ಸಾವಿರದ ಮಾತು ಕಡೆಗೆ.

ಮುಟ್ಟುವ ಮೊದಲು

ಎಷ್ಟೇ ಅವಸರವಿದ್ದರೂ ಮೊದಲ ಕೆಲಸ ಬ್ಯಾಕಪ್. ಫೋಟೊಗಳನ್ನು ಗೂಗಲ್ ಖಾತೆಗೋ ಕಂಪ್ಯೂಟರಿಗೋ ದಾಟಿಸಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಒಳಗೆ ಬ್ಯಾಕಪ್ ಇದೆ, ಅದನ್ನು ಕೈಯಾರೆ ಒಮ್ಮೆ ಒತ್ತಿ. ಫೋನ್ ನಂಬರುಗಳು ಗೂಗಲ್ ಖಾತೆಯಲ್ಲಿ ಸೇವ್ ಆಗಿವೆಯೋ, ಬರೀ ಫೋನಿನಲ್ಲೋ ನೋಡಿ. ಬರೀ ಫೋನಿನಲ್ಲಿದ್ದರೆ ಒಳಗಿನ ಮುಖ್ಯ ಬೋರ್ಡ್ ಕೆಟ್ಟುಹೋದ ದಿನ ಅವೂ ಹೋಗುತ್ತವೆ.

ಇನ್ನೊಂದು, ಬಹಳ ಜನ ಎಡವುವ ಜಾಗ: ಫೋನಿನಲ್ಲಿರುವ ಗೂಗಲ್ ಖಾತೆಯ ಪಾಸ್‌ವರ್ಡ್. ಫೋನ್ ಕೊಳ್ಳುವಾಗ ಅಂಗಡಿಯ ಹುಡುಗ ಒಂದು ಖಾತೆ ತೆರೆದುಕೊಟ್ಟಿರುತ್ತಾನೆ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ರಿಕವರಿ ಮೆನುವಿನಿಂದ ಫ್ಯಾಕ್ಟರಿ ರೀಸೆಟ್ ಮಾಡಿದರೆ, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿದರೆ, ಫೋನ್ ಮತ್ತೆ ತೆರೆಯಲು ಆ ಖಾತೆಯನ್ನೋ ಹಿಂದಿನ ಸ್ಕ್ರೀನ್ ಲಾಕನ್ನೋ ಕೇಳುತ್ತದೆ. ಎರಡೂ ಇಲ್ಲದಿದ್ದರೆ ಚೆನ್ನಾಗಿದ್ದ ಫೋನೇ ಕಲ್ಲಾಗಿ ಕೂರುತ್ತದೆ. ಪಾಸ್‌ವರ್ಡ್ ಗೊತ್ತಾಗುವವರೆಗೆ ರೀಸೆಟ್‌ಗೆ ಕೈಹಾಕಬೇಡಿ.

ಈಗ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ತೆರೆದು ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಆ್ಯಂಡ್ರಾಯ್ಡ್ ಎಷ್ಟನೆಯದು, ಸೆಕ್ಯುರಿಟಿ ಅಪ್‌ಡೇಟ್ ತಾರೀಖು ಯಾವುದು, ರ‍್ಯಾಮ್ ಎಷ್ಟು, ಸ್ಟೋರೇಜ್‌ನಲ್ಲಿ ಎಷ್ಟು ತುಂಬಿದೆ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಚೀಟಿ ಬೇಕು. ಅಕ್ಕೋರ ಚೀಟಿ ಹೀಗಿತ್ತು: ಆ್ಯಂಡ್ರಾಯ್ಡ್ 11, ಸೆಕ್ಯುರಿಟಿ ತಾರೀಖು 2022ರದ್ದು, 3 ಜಿಬಿ, 32ರಲ್ಲಿ 31 ತುಂಬಿದೆ.

ಹ್ಯಾಂಗ್ ಆಗುತ್ತದೆ, ಆ್ಯಪ್ ಮುಚ್ಚಿಕೊಳ್ಳುತ್ತದೆ

ಈ ದೂರಿಗೆ ಮೊದಲು ನೋಡಬೇಕಾದದ್ದು ಪ್ರೊಸೆಸರನ್ನಲ್ಲ, ಸ್ಟೋರೇಜನ್ನು. ಫೋನಿನ ಒಳಗಿನ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಇನ್ನೊಮ್ಮೆ ಬರೆಯಲಾಗುವುದಿಲ್ಲ. ಒಂದು ಇಡೀ ಬ್ಲಾಕನ್ನು ಅಳಿಸಬೇಕು, ಅದಕ್ಕೆ ಮೊದಲು ಅದರಲ್ಲಿ ಉಳಿದ ಉಪಯೋಗದ ಮಾಹಿತಿಯನ್ನು ಬೇರೆಡೆ ಸಾಗಿಸಬೇಕು. ಅಡಕೆ ಸುಲಿದು ಹರಡಿದ ಅಂಗಳವನ್ನು ನೆನೆಸಿಕೊಳ್ಳಿ. ಮೂಲೆಯಲ್ಲಿ ಸ್ವಲ್ಪ ಖಾಲಿ ಇದ್ದರೆ ಅತ್ತ ಇತ್ತ ಸರಿಸಿ ಗುಡಿಸಬಹುದು, ಕಾಲಿಡಲೂ ಜಾಗವಿಲ್ಲದಿದ್ದರೆ ಒಂದು ಚೀಲ ಸರಿಸಲು ಹತ್ತು ಚೀಲ ಎತ್ತಬೇಕು. ಕಡಿಮೆ ಬೆಲೆಯ ಹಳೆಯ ಫೋನುಗಳಲ್ಲಿ ಇರುವುದು ಇಎಂಎಂಸಿ ಎಂಬ ನಿಧಾನದ ಬಗೆಯ ಮೆಮೊರಿ, ಅದಕ್ಕೆ ಈ ತೊಂದರೆ ಇನ್ನೂ ಜಾಸ್ತಿ. ಒಟ್ಟು ಸ್ಟೋರೇಜ್‌ನಲ್ಲಿ ಐದರಲ್ಲೊಂದು ಪಾಲನ್ನಾದರೂ ಖಾಲಿ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 32 ಜಿಬಿ ಫೋನಿನಲ್ಲಿ 6 ಜಿಬಿ.

ಎಲ್ಲಿಂದ ಖಾಲಿ ಮಾಡುವುದು? ನಮ್ಮ ಕಡೆಯ ಫೋನುಗಳಲ್ಲಿ ಹತ್ತಕ್ಕೆ ಎಂಟು ಸಲ ಉತ್ತರ ವಾಟ್ಸ್‌ಆ್ಯಪ್. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ತೆರೆದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ದೊಡ್ಡದರಿಂದ ಸಣ್ಣದಕ್ಕೆ ತೋರಿಸುತ್ತದೆ. ಶುಭೋದಯದ ಚಿತ್ರ, ಮದುವೆಯ ವಿಡಿಯೊ, ಭಜನೆಯ ಆಡಿಯೊ ಎಲ್ಲ ಅಲ್ಲಿರುತ್ತವೆ. ಅಳಿಸಿದ ಮೇಲೆ ಅಲ್ಲೇ ಮೀಡಿಯಾ ಆಟೊ ಡೌನ್‌ಲೋಡನ್ನು ನಿಲ್ಲಿಸಿ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಸ್ಥಿತಿ. ಗೂಗಲ್ ಫೋಟೊಸ್‌ನಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ. ಬ್ಯಾಕಪ್ ಆದದ್ದಾದರೆ 60 ದಿನ, ಆಗದ್ದಾದರೆ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿದರೇ ಜಾಗ ಸಿಗುವುದು. ಫೇಸ್‌ಬುಕ್, ಯೂಟ್ಯೂಬ್, ಟೆಲಿಗ್ರಾಂ ಆ್ಯಪ್‌ಗಳ ಕ್ಯಾಷ್ (ತಾತ್ಕಾಲಿಕವಾಗಿ ಕೂಡಿಟ್ಟ ಫೈಲುಗಳು) ಅಳಿಸುವುದರಿಂದಲೂ ಒಂದೆರಡು ಜಿಬಿ ಬರುತ್ತದೆ.

"ಫೋನ್ ಕ್ಲೀನರ್", "ಬೂಸ್ಟರ್" ಎಂಬ ಆ್ಯಪ್‌ಗಳನ್ನು ಹಾಕಿಕೊಂಡಿದ್ದರೆ ಮೊದಲು ಅವನ್ನು ತೆಗೆಯಿರಿ. ಜಾಹೀರಾತು ತೋರಿಸುತ್ತ ಸದಾ ಹಿನ್ನೆಲೆಯಲ್ಲಿ ಓಡುವ ಅವೇ ಒಂದು ಕಾಯಿಲೆ. ಮೆಮೊರಿ ಕಾರ್ಡನ್ನು ಫೋನಿನ ಒಳಗಿನ ಸ್ಟೋರೇಜ್ ಜೊತೆ ಸೇರಿಸಿಕೊಂಡಿದ್ದರೆ ಅದನ್ನೂ ಅನುಮಾನಿಸಿ. ಮುನ್ನೂರು ರೂಪಾಯಿಯ ನಿಧಾನದ ಕಾರ್ಡ್ ಇಡೀ ಫೋನನ್ನು ತನ್ನ ನಡಿಗೆಗೆ ಎಳೆಯುತ್ತದೆ. ಕಾರ್ಡಿನಲ್ಲಿ ಫೋಟೊ, ಹಾಡು ಇಡಿ, ಆ್ಯಪ್ ಇಡಬೇಡಿ.

ಜಾಗ ಮಾಡಿಕೊಟ್ಟ ಮೇಲೂ ಹ್ಯಾಂಗ್ ಆದರೆ ಸೇಫ್ ಮೋಡ್ ಪರೀಕ್ಷೆ. ಬಹುತೇಕ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿ ಒತ್ತಿದಾಗ ಬರುವ ಪವರ್ ಆಫ್ ಚಿತ್ರವನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಆಗ ನೀವು ಹಾಕಿಕೊಂಡ ಆ್ಯಪ್‌ಗಳಾವುವೂ ಓಡುವುದಿಲ್ಲ. ಅರ್ಧ ಗಂಟೆ ಹಾಗೇ ಬಳಸಿ ನೋಡಿ. ಫೋನ್ ಸಲೀಸಾಗಿ ಓಡಿತೆಂದರೆ ದೋಷ ಯಾವುದೋ ಆ್ಯಪಿನದ್ದು. ಇತ್ತೀಚೆಗೆ ಹಾಕಿದ್ದರಿಂದ ಶುರುಮಾಡಿ ಒಂದೊಂದಾಗಿ ತೆಗೆಯುತ್ತ ಬನ್ನಿ. ಸೇಫ್ ಮೋಡ್‌ನಲ್ಲೂ ಎಳೆದಾಡಿದರೆ ಬ್ಯಾಕಪ್ ಆಗಿದೆಯೆಂದು ಖಾತ್ರಿ ಮಾಡಿಕೊಂಡು ರೀಸೆಟ್. ಎಲ್ಲ ಅಳಿಸಿದ ಖಾಲಿ ಫೋನೇ ನಿಧಾನವಾಗಿದ್ದರೆ ಮಾತ್ರ ಈ ಫೋನಿನ ಶಕ್ತಿ ಇಷ್ಟೇ ಎಂದು ಒಪ್ಪಿಕೊಳ್ಳಿ. 2 ಜಿಬಿ ರ‍್ಯಾಮಿನ ಫೋನುಗಳು ಈಗ ಆ ಹಂತಕ್ಕೆ ಬಂದಿವೆ. ಅವಕ್ಕೆ ಖರ್ಚು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಚಾರ್ಜ್ ನಿಲ್ಲುವುದಿಲ್ಲ

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಹಿನ್ನೀರಿನ ಕಡೆಯ ಹಿರಿಯರೊಬ್ಬರು ಬೆಳಿಗ್ಗೆ ತುಂಬಿಸಿದ ಚಾರ್ಜ್ ಮಧ್ಯಾಹ್ನಕ್ಕೆ ಖಾಲಿ ಎಂದು ಬಂದರು. ಫೋನಿಗೆ ಮೂರು ವರ್ಷವಾಗಿತ್ತು. ಯೋಚಿಸದೆ ಬ್ಯಾಟರಿ ಬದಲಾಯಿಸಿದೆ. ಅಂಗಡಿಯಲ್ಲಿ ಒಂದು ದಿನ ಇಟ್ಟು ನೋಡಿದೆ, ಸೊಗಸಾಗಿ ನಿಂತಿತು. ವಾರದಲ್ಲಿ ಅವರು ವಾಪಸ್ ಬಂದರು. "ಮಗಾ, ಹಳೇ ಬ್ಯಾಟರಿನೇ ಪರವಾಗಿರಲಿಲ್ಲ" ಎಂದರು. ಆಗ ಹೊಳೆಯಿತು. ನಮ್ಮ ಅಂಗಡಿಯಿಂದ ಟವರ್ ಕಣ್ಣಿಗೆ ಕಾಣುತ್ತದೆ, ಅವರ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ, ಕೆಲವೊಮ್ಮೆ ಅದೂ ಇಲ್ಲ. ಟವರ್ ದೂರವಿದ್ದಷ್ಟೂ ಫೋನು ಹೆಚ್ಚು ಬಲ ಹಾಕಿ ಕೂಗಬೇಕು, ಸಿಗ್ನಲ್ ತಪ್ಪಿದಾಗಲೆಲ್ಲ ಹುಡುಕಾಡಬೇಕು. ಬ್ಯಾಟರಿ ಕರಗುತ್ತಿದ್ದದ್ದು ಅಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿತ್ತು ನನ್ನ ಕೆಲಸ. ಅವರ ದುಡ್ಡು ವಾಪಸ್ ಕೊಟ್ಟೆ. ಅಂದಿನಿಂದ ರಾತ್ರಿಯ ಪರೀಕ್ಷೆ ಮಾಡಿಸದೆ ಯಾವ ಬ್ಯಾಟರಿಯನ್ನೂ ಬದಲಾಯಿಸಿಲ್ಲ.

ಆ ಪರೀಕ್ಷೆ ಹೀಗೆ. ಮಲಗುವಾಗ ಪೂರ್ತಿ ಚಾರ್ಜ್ ಮಾಡಿ, ಫ್ಲೈಟ್ ಮೋಡ್ ಹಾಕಿ, ವೈಫೈ, ಬ್ಲೂಟೂತ್ ಆಫ್ ಮಾಡಿ, ಶೇಕಡಾವಾರು ಬರೆದಿಟ್ಟು ಮಲಗಿ. ಎಂಟು ಗಂಟೆ ಬಿಟ್ಟು ನೋಡಿ. ಮರುದಿನ ರಾತ್ರಿ ಅದೇ ಜಾಗದಲ್ಲಿ, ಫ್ಲೈಟ್ ಮೋಡ್ ಇಲ್ಲದೆ ಹಾಗೇ ಮಾಡಿ. ಫ್ಲೈಟ್ ಮೋಡ್‌ನಲ್ಲಿ ಎರಡರಿಂದ ನಾಲ್ಕು ಶೇಕಡಾ ಇಳಿದು, ಅದಿಲ್ಲದೆ ಇಪ್ಪತ್ತು ಇಳಿದರೆ ತಿನ್ನುತ್ತಿರುವುದು ಸಿಗ್ನಲ್ ಹುಡುಕಾಟ, ಇಲ್ಲವೇ ನೆಟ್ ಬಳಸುತ್ತ ಹಿನ್ನೆಲೆಯಲ್ಲಿ ಓಡುವ ಯಾವುದೋ ಆ್ಯಪ್. ಎರಡನೆಯದನ್ನು ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿಯೇ ಹೆಸರು ಸಮೇತ ತೋರಿಸುತ್ತದೆ. ಫ್ಲೈಟ್ ಮೋಡ್‌ನಲ್ಲೇ ಹದಿನೈದು ಇಳಿದರೆ ಮೂರನೇ ರಾತ್ರಿ ಸೇಫ್ ಮೋಡ್ ಮತ್ತು ಫ್ಲೈಟ್ ಮೋಡ್ ಎರಡನ್ನೂ ಹಾಕಿ. ಆಗಲೂ ಇಳಿದರೆ ಬ್ಯಾಟರಿ ಸೋತಿದೆ, ಅಥವಾ ಬೋರ್ಡಿನಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. ಮೀಟರ್ ಇಟ್ಟುಕೊಂಡ ರಿಪೇರಿಯವರು ಇವೆರಡನ್ನೂ ಹತ್ತು ನಿಮಿಷದಲ್ಲಿ ಬೇರ್ಪಡಿಸಿ ಹೇಳಬಲ್ಲರು.

ಸಿಗ್ನಲ್ಲೇ ಕಾರಣವಾದರೆ ಖರ್ಚಿಲ್ಲದ ಮದ್ದುಗಳಿವೆ. ಎರಡು ಸಿಮ್ ಇದ್ದು ಒಂದಕ್ಕೆ ಊರಲ್ಲಿ ನೆಟ್‌ವರ್ಕೇ ಇಲ್ಲದಿದ್ದರೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಡಿ, ಪೇಟೆಗೆ ಬಂದಾಗ ಹಾಕಿದರಾಯಿತು. 5ಜಿ ಫೋನಾಗಿದ್ದು ಸಿಗ್ನಲ್ 5ಜಿ, 4ಜಿ ನಡುವೆ ತೂಗಾಡುತ್ತಿದ್ದರೆ 4ಜಿಯಲ್ಲೇ ನಿಲ್ಲಿಸಿ. ಮನೆಯಲ್ಲಿ ಫೈಬರ್ ಸಂಪರ್ಕ ಇದ್ದರೆ ವೈಫೈ ಕಾಲಿಂಗ್ (ಟವರ್ ಬದಲು ಮನೆಯ ವೈಫೈ ಮೂಲಕ ಕರೆ) ಹಾಕಿಕೊಳ್ಳಿ. ಜಿಯೊ, ಏರ್‌ಟೆಲ್ ಎರಡರಲ್ಲೂ ಇದು 2020ರ ಆರಂಭದಿಂದ ಇದೆ, ಬೇರೆ ದುಡ್ಡಿಲ್ಲ. ಮಲೆನಾಡಿನ ಮನೆಗಳಿಗೆ ಹೊಸ ಫೋನಿಗಿಂತ ಇದು ಹೆಚ್ಚು ಉಪಕಾರ ಮಾಡುತ್ತದೆ.

ಇನ್ನು ನಿಜವಾಗಿ ಸೋತ ಬ್ಯಾಟರಿಯ ಲಕ್ಷಣವೇ ಬೇರೆ. ಮೂವತ್ತು ಶೇಕಡಾ ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದ ತಕ್ಷಣ ಆರಿಹೋಗುತ್ತದೆ, ಚಾರ್ಜರ್ ಚುಚ್ಚಿದರೆ ಮತ್ತೆ ಇಪ್ಪತ್ತೆಂಟು ತೋರಿಸುತ್ತದೆ. ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದು ಹಿಡಿಯುವ ಚಾರ್ಜ್ ಕಡಿಮೆಯಾಗುವುದಷ್ಟೇ ಅಲ್ಲ, ಒಳಗಿನ ತಡೆಯೂ ಏರುತ್ತದೆ. ಕ್ಯಾಮೆರಾ, ಫ್ಲ್ಯಾಷ್, ನೆಟ್ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ಒಮ್ಮೆಲೇ ಕುಸಿದು ಫೋನ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ನಿಧಾನಕ್ಕೂ ಬ್ಯಾಟರಿಗೂ ಸಂಬಂಧವಿದೆ ಎಂಬುದು 2017ರ ಡಿಸೆಂಬರಿನಲ್ಲಿ ಎಲ್ಲರಿಗೂ ತಿಳಿಯಿತು. ಹೀಗೆ ಆರಿಹೋಗುವುದನ್ನು ತಪ್ಪಿಸಲು, ಬ್ಯಾಟರಿ ಸೋತ ಐಫೋನುಗಳ ವೇಗವನ್ನು ತಗ್ಗಿಸುತ್ತಿದ್ದೇವೆ ಎಂದು ಆ್ಯಪಲ್ ಆಗ ಒಪ್ಪಿಕೊಂಡು, ಮುಂದಿನ ವರ್ಷ ಕಡಿಮೆ ಬೆಲೆಗೆ ಬ್ಯಾಟರಿ ಬದಲಿಸಿಕೊಟ್ಟಿತು. ಬ್ಯಾಟರಿ ಹೊಸದಾದ ಮೇಲೆ ವೇಗವೂ ಮರಳಿತು.

ಐಫೋನ್ 14 ಮತ್ತು ಹಿಂದಿನವುಗಳ ಬ್ಯಾಟರಿ 500 ಪೂರ್ಣ ಚಾರ್ಜ್ ಸುತ್ತುಗಳ ನಂತರ 80 ಶೇಕಡಾ ಉಳಿಯುವಂತೆ ಮಾಡಿದ್ದು, 15ರಿಂದ ಅದು 1000 ಸುತ್ತು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಫೋನುಗಳಿಗೆ 800 ಸುತ್ತಿನ ನಂತರವೂ 80 ಶೇಕಡಾ ಉಳಿಯಬೇಕೆಂಬ ನಿಯಮವಿದೆ. ದಿನಕ್ಕೊಂದು ಸುತ್ತು ಎಂದರೂ ಎರಡು, ಮೂರು ವರ್ಷದಲ್ಲಿ ಬ್ಯಾಟರಿ ಸವೆಯುವುದು ಸಹಜ. ಟಯರ್ ಸವೆಯಿತೆಂದು ಯಾರೂ ಬೈಕ್ ಮಾರುವುದಿಲ್ಲ.

ನಮ್ಮ ಪೇಟೆಯಲ್ಲಿ ಸಾಧಾರಣ ಫೋನಿನ ಬ್ಯಾಟರಿ, ಕೂಲಿ ಸೇರಿ, ಸಾವಿರದಿಂದ ಎರಡು ಸಾವಿರದೊಳಗೆ ಆಗುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ದರ ಕೇಳಿಯೇ ಮುಂದುವರಿಯಿರಿ, ಕೆಲವೊಮ್ಮೆ ಅಲ್ಲೇ ಅಗ್ಗ. ನಾಲ್ಕುನೂರಕ್ಕೆ ಬರುವ, ಮೂಲ ಬ್ಯಾಟರಿಗಿಂತ ಹೆಚ್ಚು ಎಂಎಎಚ್ (ಚಾರ್ಜ್ ಹಿಡಿಯುವ ಅಳತೆ) ಮುದ್ರಿಸಿಕೊಂಡ ಡೂಪ್ಲಿಕೇಟ್ ಬೇಡ. ಅಷ್ಟೇ ಗಾತ್ರದಲ್ಲಿ ಅಷ್ಟು ಹೆಚ್ಚು ಹಿಡಿಯಲು ಸಾಧ್ಯವಿಲ್ಲ.

ಫೋನಿನ ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಅಂಚು ಎದ್ದಿದ್ದರೆ ಯಾವ ಪರೀಕ್ಷೆಯೂ ಬೇಡ. ಆ ಕ್ಷಣವೇ ಆರಿಸಿ, ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಅಂಗಡಿಗೆ ತನ್ನಿ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಲ್ಲದು. ದಯವಿಟ್ಟು ಇದೊಂದನ್ನು ನಾಳೆಗೆ ಹಾಕಬೇಡಿ.

ಚಾರ್ಜ್ ಏರುವುದಿಲ್ಲ

ಕೇಬಲ್ ಬದಲಿಸಿ ನೋಡಿ, ಆಮೇಲೆ ಚಾರ್ಜರ್, ಆಮೇಲೆ ಗೋಡೆಯ ಪ್ಲಗ್. ಮೂರೂ ಸರಿಯಿದ್ದರೆ ಫೋನ್ ಆರಿಸಿ ಟಾರ್ಚ್ ಬೆಳಕಿನಲ್ಲಿ ಚಾರ್ಜಿಂಗ್ ಪಿನ್ (ಕೇಬಲ್ ಚುಚ್ಚುವ ತೂತು) ಒಳಗೆ ನೋಡಿ. ಜೇಬಿನ ನೂಲು, ತೋಟದ ಧೂಳು ಸೇರಿ ಗಟ್ಟಿಯಾಗಿ ತಳದಲ್ಲಿ ಕೂತಿರುತ್ತದೆ, ಕೇಬಲ್ ಪೂರ್ತಿ ಒಳಹೋಗುವುದಿಲ್ಲ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ, ಗುಂಡುಪಿನ್ನು, ಸೂಜಿ ಬೇಡ. ಪಿನ್ ಸಡಿಲವಾಗಿದ್ದರೆ ಚಾರ್ಜಿಂಗ್ ಬೋರ್ಡ್ ಬದಲಿಸಬೇಕು. ಬಹುತೇಕ ಫೋನುಗಳಲ್ಲಿ ಅದು ಪ್ರತ್ಯೇಕ ಸಣ್ಣ ಬೋರ್ಡ್, ಕೆಲವು ನೂರು ರೂಪಾಯಿಯ ಕೆಲಸ.

ಮಳೆಯಲ್ಲಿ ನೆನೆದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳುವ ಪದ್ಧತಿ ಬಿಡಿ. ಅಕ್ಕಿಯ ನುಚ್ಚು, ಪುಡಿ ಪಿನ್ನಿನೊಳಗೆ ಸೇರಿಕೊಳ್ಳುತ್ತದೆ. ಫೋನ್ ಆಫ್ ಮಾಡಿ, ಪಿನ್ ಕೆಳಮುಖ ಮಾಡಿ, ಗಾಳಿಯಾಡುವ ಕಡೆ ಇಡಿ. ಒಲೆಯ ಹತ್ತಿರವೂ ಬೇಡ.

ಸ್ಕ್ರೀನ್ ಮತ್ತು ಬೋರ್ಡ್

ಗಾಜು ಮಾತ್ರ ಒಡೆದು ಟಚ್ ಸರಿಯಿದ್ದರೆ ಅದರ ಮೇಲೊಂದು ಟೆಂಪರ್ಡ್ ಗ್ಲಾಸ್ ಅಂಟಿಸಿಕೊಂಡು ವರ್ಷಗಟ್ಟಲೆ ಬಳಸಬಹುದು. ಟಚ್ ಸತ್ತಿದ್ದರೆ, ಗೆರೆ ಬಂದಿದ್ದರೆ ಕಾಂಬೊ, ಅಂದರೆ ಸ್ಕ್ರೀನ್ ಮತ್ತು ಟಚ್ ಸೇರಿದ ಇಡೀ ಜೋಡಿ, ಬದಲಿಸಬೇಕು. ಸಾಧಾರಣ ಎಲ್‌ಸಿಡಿ ಫೋನಿಗೆ ಎರಡು ಸಾವಿರದ ಆಚೀಚೆ, ದುಬಾರಿ ಬಗೆಯ ಅಮೋಲೆಡ್ ಸ್ಕ್ರೀನ್ ಆದರೆ ಅದರ ಎರಡರಷ್ಟಕ್ಕೂ ಹೋಗುತ್ತದೆ. ಅಮೋಲೆಡ್ ಜಾಗಕ್ಕೆ ಅಗ್ಗದ ಎಲ್‌ಸಿಡಿ ಕಾಪಿ ಕೂರಿಸುವುದೂ ನಡೆಯುತ್ತದೆ, ಆಗ ಸ್ಕ್ರೀನಿನ ಬೆರಳಚ್ಚು ಕೆಲಸ ಮಾಡುವುದಿಲ್ಲ. ಯಾವುದು ಹಾಕುತ್ತೀರಿ ಎಂದು ಮೊದಲೇ ಕೇಳಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಹಸಿರು ಗೆರೆ ಕಾಣಿಸಿಕೊಂಡಿದ್ದರೆ ದುಡ್ಡು ಕೊಡುವ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಕೆಲವು ಮಾದರಿಗಳಿಗೆ ವಾರಂಟಿ ಮುಗಿದ ಮೇಲೂ ಉಚಿತವಾಗಿ ಸ್ಕ್ರೀನ್ ಬದಲಿಸಿಕೊಟ್ಟದ್ದಿದೆ.

ಬೋರ್ಡಿನ ದೋಷ ಬೇರೆಯೇ ಜಾತಿ. ವೈಫೈ ಗುಂಡಿ ಮಂಕಾಗಿ ಹತ್ತುವುದೇ ಇಲ್ಲ. ಸಿಮ್ ಬದಲಿಸಿದರೂ "ನೋ ಸರ್ವಿಸ್". *#06# ಒತ್ತಿದರೆ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರುವುದಿಲ್ಲ. ರೀಸೆಟ್ ಆದ ಮೇಲೂ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತಿರುತ್ತದೆ. ಬಳಸದೆ ಇಟ್ಟಾಗಲೂ ಒಂದೇ ಜಾಗ ಬಿಸಿಯಾಗುತ್ತದೆ. ಇವುಗಳಲ್ಲಿ ಎರಡು ಕಂಡರೆ ಐಸಿ (ಬೋರ್ಡಿನ ಚಿಪ್) ಬಿಸಿಮಾಡಿ ಕೂರಿಸಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ನಾನೂ ಆ ಕೆಲಸ ಮಾಡುತ್ತೇನೆ, ಆದರೆ ಒಳಗಿನ ಫೋಟೊ, ಮಾಹಿತಿ ತೆಗೆದುಕೊಳ್ಳುವುದಕ್ಕೆ ಮಾತ್ರ. ಐದು ವರ್ಷದ ಫೋನಿನಲ್ಲಿ ಆ ರಿಪೇರಿ ಎಷ್ಟು ದಿನ ನಿಲ್ಲುತ್ತದೆಂದು ಯಾವ ರಿಪೇರಿಯವನೂ ಮಾತು ಕೊಡಲಾರ.

ಸೆಕ್ಯುರಿಟಿ ತಾರೀಖು

ಇಷ್ಟು ಹೊತ್ತು ಹೇಳಿದ್ದೆಲ್ಲ ಕೈಗೆ ಸಿಗುವ ದೋಷ. ಬಳಸುವವರಿಗೆ ಗೊತ್ತೇ ಆಗದ ದೋಷ ಒಂದಿದೆ, ನನ್ನ ಪ್ರಕಾರ ಹೊಸ ಫೋನಿನ ಪ್ರಶ್ನೆ ತೀರ್ಮಾನವಾಗಬೇಕಾದದ್ದು ಅಲ್ಲಿ. ಚೀಟಿಯಲ್ಲಿ ಬರೆದುಕೊಂಡ ಸೆಕ್ಯುರಿಟಿ ಅಪ್‌ಡೇಟ್ ತಾರೀಖು ನೋಡಿ. ಅದು ವರ್ಷಗಳ ಹಿಂದೆ ನಿಂತಿದ್ದರೆ, ಆಮೇಲೆ ಪತ್ತೆಯಾದ ಕಳ್ಳಗಿಂಡಿಗಳು ನಿಮ್ಮ ಫೋನಿನಲ್ಲಿ ತೆರೆದೇ ಇವೆ ಎಂದರ್ಥ. ಆ್ಯಂಡ್ರಾಯ್ಡ್ 10ರಿಂದೀಚೆಗೆ ಕೆಲವು ಭಾಗಗಳನ್ನು ಗೂಗಲ್ ಪ್ಲೇ ಮೂಲಕವೇ ಸರಿಪಡಿಸುತ್ತಾರೆ, ಆದರೂ ಕರ್ನಲ್, ಮೋಡೆಮ್‌ನಂಥ ಆಳದ ಭಾಗಗಳಿಗೆ ಫೋನ್ ಮಾಡಿದ ಕಂಪನಿಯೇ ಅಪ್‌ಡೇಟ್ ಕಳಿಸಬೇಕು.

ಆ್ಯಪ್‌ಗಳು ಓಡುವುದು ಬೇರೆ ಮಾತು. ವಾಟ್ಸ್‌ಆ್ಯಪ್ 2025ರ ಜನವರಿಯಿಂದ ಆ್ಯಂಡ್ರಾಯ್ಡ್ 5 ಅಥವಾ ಮೇಲಿನದನ್ನು ಕೇಳತೊಡಗಿತು, ಅದು 2014ರ ಆವೃತ್ತಿ. ಅಂದರೆ ವಾಟ್ಸ್‌ಆ್ಯಪ್ ಓಡುತ್ತಿದೆ ಎಂಬ ಮಾತ್ರಕ್ಕೆ ಫೋನ್ ಸುರಕ್ಷಿತ ಎಂದುಕೊಳ್ಳುವಂತಿಲ್ಲ.

ಹಾಗಂತ ಅಪ್‌ಡೇಟ್ ನಿಂತ ಫೋನನ್ನು ನಾಳೆಯೇ ಎಸೆಯಿರಿ ಎನ್ನಲಾರೆ. ಕೇಳಬೇಕಾದ ಪ್ರಶ್ನೆ: ಈ ಫೋನಿನೊಳಗೆ ಎಷ್ಟು ದುಡ್ಡಿದೆ? ಸಂಬಳ, ಎಫ್‌ಡಿ, ಅಡಕೆ ಮಾರಿದ ಹಣ ಎಲ್ಲ ಇರುವ ಖಾತೆ ಇದರ ಯುಪಿಐಗೆ ಜೋಡಿಸಿದ್ದರೆ ಅಪಾಯ ದೊಡ್ಡದು, ಅಂಥವರು ಫೋನ್ ಬದಲಿಸುವುದನ್ನು ತಡಮಾಡಬಾರದು. ಕರೆ, ವಾಟ್ಸ್‌ಆ್ಯಪ್, ಫೋಟೊಕ್ಕೆ ಮಾತ್ರವಾದರೆ ಇನ್ನೊಂದು ವರ್ಷ ದೂಡಬಹುದು. ನಡುವಿನವರಿಗೆ ನಾನು ಹೇಳುವ ಉಪಾಯ: ಬೇರೊಂದು ಉಳಿತಾಯ ಖಾತೆಯಲ್ಲಿ ಎರಡು, ಮೂರು ಸಾವಿರ ಮಾತ್ರ ಇಟ್ಟು ಅದನ್ನಷ್ಟೇ ಯುಪಿಐಗೆ ಜೋಡಿಸಿ, ದೊಡ್ಡ ಖಾತೆಯನ್ನು ಫೋನಿನಿಂದ ತೆಗೆದುಬಿಡಿ.

ಹೊಸ ಫೋನೂ ಕಾಪಾಡದ ಒಂದು ಅಪಾಯವಿದೆ. ಟ್ರಾಫಿಕ್ ದಂಡದ ಚಲನ್, ಮದುವೆಯ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲು (ಪ್ಲೇ ಸ್ಟೋರಿನ ಹೊರಗಿಂದ ಬರುವ ಆ್ಯಪ್). ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ ಓಟಿಪಿ ಸಂದೇಶಗಳೆಲ್ಲ ಕಳ್ಳರ ಕೈಗೆ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಲೆಕ್ಕ

ದೋಷ ಗೊತ್ತಾಯಿತು, ರಿಪೇರಿಯ ದರವೂ ಗೊತ್ತಾಯಿತು. ಈಗ ಆ ದುಡ್ಡನ್ನು ಫೋನ್ ಇನ್ನೆಷ್ಟು ತಿಂಗಳು ಬಾಳಬಹುದೋ ಅಷ್ಟರಿಂದ ಭಾಗಿಸಿ. 1,400 ರೂಪಾಯಿಯ ಬ್ಯಾಟರಿಗೆ 18 ತಿಂಗಳು ಎಂದರೆ ತಿಂಗಳಿಗೆ 78 ರೂಪಾಯಿ. 12,000ದ ಹೊಸ ಫೋನು ಮೂರು ವರ್ಷ ಬಂದರೆ ತಿಂಗಳಿಗೆ 333. ರಿಪೇರಿಯ ಲೆಕ್ಕ ಹೊಸದರ ಅರ್ಧಕ್ಕಿಂತ ಕಡಿಮೆಯಿದ್ದು ಬೋರ್ಡ್ ಗಟ್ಟಿಯಿದ್ದರೆ ರಿಪೇರಿ ಮಾಡಿಸಿ. ಬ್ಯಾಟರಿ, ಸ್ಕ್ರೀನ್ ಎರಡೂ ಒಟ್ಟಿಗೆ ಹೋಗಿ, ಸೆಕ್ಯುರಿಟಿ ತಾರೀಖೂ ಹಳೆಯದಾಗಿದ್ದರೆ ಆ ದುಡ್ಡನ್ನು ಹೊಸದಕ್ಕೇ ಹಾಕಿ.

ಕೊಳ್ಳುವುದೇ ಆದರೆ ಕ್ಯಾಮೆರಾದ ಮೆಗಾಪಿಕ್ಸೆಲ್ ಆಮೇಲೆ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನು ಮೊದಲು ಕೇಳಿ. ಏಳು ವರ್ಷದ ಭರವಸೆ 2023ರಲ್ಲಿ ಗೂಗಲ್‌ನ ಪಿಕ್ಸೆಲ್ 8ರೊಡನೆ, 2024ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24ರೊಡನೆ ಬಂತು, ಅವು ದುಬಾರಿ. ಅದೇ 2024ರ ಕೊನೆಯಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಯಂಥ ಮಧ್ಯಮ ಬೆಲೆಯ ಫೋನಿಗೂ ಆರು ವರ್ಷ ಕೊಟ್ಟಿದ್ದಾರೆ. ಎಂಟು ಸಾವಿರಕ್ಕೆ ಎರಡು ವರ್ಷ ಅಪ್‌ಡೇಟ್ ಸಿಗುವುದಕ್ಕಿಂತ ಸ್ವಲ್ಪ ಕಾದು, ಕೂಡಿಸಿ, ಹೆಚ್ಚು ವರ್ಷ ಸಿಗುವುದನ್ನು ತಗೊಳ್ಳುವುದು ಬಡವರಿಗೇ ಲಾಭ. ಸ್ಟೋರೇಜ್ 128 ಜಿಬಿಗೆ ಕಡಿಮೆ ಬೇಡ, ರ‍್ಯಾಮ್ 6 ಇರಲಿ. ಡಬ್ಬದ ಮೇಲೆ ಹೆಚ್ಚುವರಿ "ವರ್ಚುವಲ್ ರ‍್ಯಾಮ್" ಎಂದು ಕೂಡಿಸಿ ತೋರಿಸುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಸ್ಟೋರೇಜ್‌ನಿಂದಲೇ ಕಡ ತಂದದ್ದು. ಬಡ್ಡಿಯಿಲ್ಲದ ಕಂತು ಎಂದರೂ ಪ್ರೊಸೆಸಿಂಗ್ ಶುಲ್ಕ ಎಷ್ಟು, ಅದರ ಮೇಲೆ ಜಿಎಸ್‌ಟಿ ಎಷ್ಟು ಎಂದು ಬರೆಸಿಕೊಂಡೇ ಸಹಿ ಹಾಕಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು *#06# ಒತ್ತಿ ಬಂದ ಐಎಂಇಐಯನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು ಜಾಗ ಬಿಟ್ಟು, 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ಬಿಲ್ ಕೇಳಿ, ಹಿಂದಿನವರ ಗೂಗಲ್ ಖಾತೆ ತೆಗೆಸಿ, ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿದ ಮೇಲೆ ದುಡ್ಡು ಕೊಡಿ.

ಅಕ್ಕೋರ ಫೋನು

ಅಂಗಡಿಯಲ್ಲೇ ಕೂತು ವಾಟ್ಸ್‌ಆ್ಯಪ್‌ನಿಂದ 7 ಜಿಬಿ, ಬೇರೆಡೆಯಿಂದ 2 ಜಿಬಿ ಖಾಲಿ ಮಾಡಿದೆವು. ಇಲಾಖೆಯ ಗುಂಪುಗಳಲ್ಲಿ ಬಂದ ಒಂದೇ ವಿಡಿಯೊ ಐದು ಕಡೆ ಸೇವ್ ಆಗಿತ್ತು. ಮುಖ ಹಿಡಿಯುವಾಗ ಆ್ಯಪ್ ಮುಚ್ಚಿಕೊಳ್ಳುತ್ತಿದ್ದದ್ದು ಅಲ್ಲಿಗೆ ನಿಂತಿತು. ರಾತ್ರಿಯ ಪರೀಕ್ಷೆಯನ್ನು ಅವರ ಮನೆಯಲ್ಲೇ ಮಾಡಿ ನನಗೆ ಫೋನ್ ಮಾಡಿ ಹೇಳಿದರು: ಫ್ಲೈಟ್ ಮೋಡ್‌ನಲ್ಲಿ 3, ಅದಿಲ್ಲದೆ 22. ಊರಲ್ಲಿ ನೆಟ್‌ವರ್ಕ್ ಇಲ್ಲದ ಎರಡನೇ ಸಿಮ್ ಆಫ್ ಮಾಡಿದ ಮೇಲೆ ಅದು 8ಕ್ಕೆ ಇಳಿಯಿತು. ಬ್ಯಾಟರಿ ಮುಟ್ಟಲಿಲ್ಲ. ಆದ ಖರ್ಚು ಒಂದು ಕೇಬಲ್‌ದು, 150 ರೂಪಾಯಿ.

ಉಳಿದದ್ದು 2022ಕ್ಕೆ ನಿಂತ ಸೆಕ್ಯುರಿಟಿ ತಾರೀಖು. ಅದಕ್ಕೆ ರಿಪೇರಿಯಿಲ್ಲ ಎಂದು ಬಿಚ್ಚಿ ಹೇಳಿದೆ. ಗೌರವಧನ ಬರುವ ಖಾತೆಯನ್ನು ಯುಪಿಐನಿಂದ ತೆಗೆದು, ಸಣ್ಣ ಖಾತೆಯೊಂದನ್ನು ಜೋಡಿಸಿಕೊಂಡರು. ಸ್ವಸಹಾಯ ಸಂಘದಲ್ಲಿ ತಿಂಗಳಿಗೆ ಎಂಟುನೂರು ಹಾಕುತ್ತ ಬಂದರೆ ವರ್ಷಕ್ಕೆ 9,600 ಆಗುತ್ತದೆ, ಅಲ್ಲಿಯವರೆಗೆ ಈ ಫೋನ್ ನಡೆಯಬೇಕು ಎಂದು ಲೆಕ್ಕ ಹಾಕಿದೆವು. ಮೂರು ವಾರ ಬಿಟ್ಟು ಪೇಟೆಗೆ ಬಂದವರು ಅಂಗಡಿ ಬಾಗಿಲಲ್ಲೇ ನಿಂತು ಹೇಳಿದರು. "ತಮ್ಮಾ, ಮೊನ್ನೆ ಅಷ್ಟೂ ಜನರ ಮುಖ ಒಂದೇ ಬೆಳಿಗ್ಗೆ ಹಿಡಿದು ಮುಗಿಸಿದೆ. ಸಂಘಕ್ಕೆ ಮೊದಲ ಕಂತೂ ಕಟ್ಟಿದೆ." ನಾನು ಬರೆದುಕೊಟ್ಟ ಚೀಟಿ ಫೋನಿನ ಕವರಿನೊಳಗೆ ಮಡಚಿಟ್ಟದ್ದು ಪಾರದರ್ಶಕದಲ್ಲಿ ಕಾಣುತ್ತಿತ್ತು.